ನಮ್ಮ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ

ಪಕ್ಕದ ಕೋಣೆಯವರಿಗೆ ಏನಾದರೂ ತಿಳಿಸಬೇಕಾದರೆ ಎದ್ದು ಹೋಗಿ ಹೇಳುವುದು ಈಗಿನ ಕಚೇರಿ ಶಿಷ್ಟಾಚಾರವಲ್ಲ. ಇಮೇಲ್ ಕಳಿಸಬೇಕು. ಕಳಿಸಿದ ಮೇಲೆ ಎದ್ದು ಹೋಗಿ, ‘ಮೇಲ್ ಬಂತಾ?’ ಎಂದು ಕೇಳಬೇಕು. ಬಂದಿಲ್ಲ ಅಂದರೆ ಸಿಸ್ಟಂ ವಿಭಾಗಕ್ಕೆ ಫೋನ್ ಮಾಡಬೇಕು. ‘ಕಂಪ್ಲೇಂಟನ್ನ ಮೇಲ್ ಮಾಡಿಬಿಡಿ ಸಾರ್, ರೆಕಾರ್ಡಿಗೆ ಇರಲಿ’ ಎನ್ನುತ್ತಾರೆ ಅವರು. ಅಲ್ಲಿಗೆ ತಾಂತ್ರಿಕ ಸಮಸ್ಯೆ ಮುಗಿದು ಆಡಳಿತ ಶುರುವಾಗುತ್ತದೆ.

ನಾನು ಬಲ್ಲ ಒಂದು ಕಚೇರಿಯಿದೆ. ಹೆಸರು ಬೇಡ, ಯಾವ ಕಚೇರಿಯವರು ಓದಿದರೂ ತಮ್ಮದೇ ಎಂದುಕೊಳ್ಳುತ್ತಾರೆ. ಅಲ್ಲಿ ಲೆಕ್ಕಪತ್ರ ಶಾಖೆಯ ಕಂಪ್ಯೂಟರಿನ ವಿಳಾಸ 192.168.1.10. ಉಗ್ರಾಣದ್ದು 192.168.1.20. ಮಧ್ಯೆ ಒಂದು ಗೋಡೆ, ಗೋಡೆಗೆ ಒಂದು ತೂತು, ತೂತಿನಲ್ಲಿ ಒಂದು ನೀಲಿ ಕೇಬಲ್. ಇಂಥ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟಿದೆ. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಶುಲ್ಕ ಕಟ್ಟಬೇಕಿಲ್ಲ, ಹೊರಗಿನ ಇಂಟರ್ನೆಟ್ಟಿಗೆ ಇವುಗಳ ಗೊಡವೆಯೂ ಇಲ್ಲ. ಯಾರ ಅನುಮತಿಯೂ ಬೇಡದ ವಸ್ತುವೊಂದು ಕಚೇರಿಯೊಳಗೆ ಇರುವುದು ಒಳ್ಳೆಯ ಲಕ್ಷಣವಲ್ಲ ಎಂದು ಹಿರಿಯರು ಅದಕ್ಕೂ ಒಂದು ಅನುಮತಿ ನಮೂನೆ ಅಚ್ಚು ಹಾಕಿಸಿದ್ದರು.

ಒಳಗಿನ ಪತ್ರ ಒಳಗೇ ಓಡಾಡಬೇಕು, ಗೋಪ್ಯತೆ ಮುಖ್ಯ ಎಂಬ ಕಾರಣಕ್ಕೆ ಎರಡೂ ಕಡೆ ಲಿನಕ್ಸ್, ಎರಡೂ ಕಡೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಹಾಕಿಸಲಾಯಿತು. ಮೊದಲು ಹೋಗಬೇಕಿದ್ದ ಗೋಪ್ಯ ಪತ್ರದಲ್ಲಿ ಇದ್ದದ್ದು ಇಷ್ಟು: ಎ4 ಹಾಳೆ, ಸ್ಟೇಪ್ಲರ್ ಪಿನ್ನು, ಗೋಂದು. ಅದು ಹೋಗಲಿಲ್ಲ.

ಸಭೆ ಕರೆದರು. ನೆಟ್‌ವರ್ಕಿನವರು ಪಿಂಗ್ ಮಾಡಿ ತೋರಿಸಿದರು. ಈ ಕಂಪ್ಯೂಟರ್ ಕೂಗಿದರೆ ಆ ಕಂಪ್ಯೂಟರ್ ಓ ಅನ್ನುತ್ತದೆ, ಒಂದು ಮಿಲಿಸೆಕೆಂಡೂ ಹಿಡಿಯುವುದಿಲ್ಲ. ‘ನಮ್ಮ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ.’ ಸರ್ವರಿನವರು ಪೋಸ್ಟ್‌ಫಿಕ್ಸ್ ಓಡುತ್ತಿರುವುದನ್ನು ಹಸಿರು ಅಕ್ಷರದಲ್ಲಿ ತೋರಿಸಿದರು. ‘ನಮ್ಮ ಕಡೆಯಿಂದಲೂ ಏನೂ ಇಲ್ಲ.’ ಸೆಕ್ಯುರಿಟಿಯವರು, ನಮ್ಮ ಫೈರ್‌ವಾಲ್ ದಾಟಿ ಒಂದು ನೊಣವೂ ಒಳಬರುವುದಿಲ್ಲ ಎಂದರು. ಮೇಲೂ ಬರುತ್ತಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಎಎಂಸಿ ಹಿಡಿದಿದ್ದ ವೆಂಡರ್ ಕಡೆಯ ಹುಡುಗ, ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ ಸಾರ್’ ಎಂದ. ಮಾಡಿದರು. ಎಲ್ಲರ ಕಡೆಯೂ ಸರಿಯಿದ್ದು ಮೇಲ್ ಮಾತ್ರ ಹೋಗದ ಕಾರಣ, ತಪ್ಪು ಮೇಲಿನದ್ದೇ ಎಂದು ಸಭಾ ನಡಾವಳಿಯಲ್ಲಿ ದಾಖಲಾಯಿತು. ಪರ್ಯಾಯ ವ್ಯವಸ್ಥೆ ಆಗುವವರೆಗೆ ಇಂಡೆಂಟುಗಳನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿ ಗೋಪ್ಯತೆ ಕಾಪಾಡತಕ್ಕದ್ದು ಎಂದು ಷರಾ ಬರೆದರು.

ಅಷ್ಟೂ ಹೊತ್ತು ಆ ಸರ್ವರಿನೊಳಗೆ ಉತ್ತರ ಬರೆದು ಇಟ್ಟುಕೊಂಡು ಕೂತಿದ್ದದ್ದು ಒಂದೇ: ಮೇಲ್‌ಲಾಗ್ ಎಂಬ ಕಡತ. ಯಾವ ಗಂಟೆ, ಯಾವ ನಿಮಿಷ, ಯಾರಿಂದ, ಯಾರಿಗೆ, ಯಾವ ಯಂತ್ರಕ್ಕೆ ಹೋದೆ, ಅಲ್ಲಿ ಏನಂದರು, ನಾನು ಏನು ಮಾಡಿದೆ ಎಂದು ಪ್ರತಿ ಯತ್ನಕ್ಕೂ ಅದು ಸಾಲು ಬರೆಯುತ್ತದೆ. ಅದನ್ನು ಯಾರೂ ಓದಿರಲಿಲ್ಲ. ಓದದಿರಲು ಕಾರಣವೂ ಇದೆ. ಓದಿದರೆ ಕಾರಣ ಗೊತ್ತಾಗುತ್ತದೆ. ಕಾರಣ ಗೊತ್ತಾದರೆ ಯಾರದೋ ಕಡೆಯಿಂದ ಪ್ರಾಬ್ಲಂ ಇದೆ ಎಂದಾಗಿಬಿಡುತ್ತದೆ.

ಹೊಸದಾಗಿ ಅಪ್ರೆಂಟಿಸ್ ಆಗಿ ಸೇರಿದ್ದ ಹುಡುಗಿಯೊಬ್ಬಳು, ಕಚೇರಿಯ ರೀತಿ ರಿವಾಜು ಇನ್ನೂ ಗೊತ್ತಿಲ್ಲದ್ದರಿಂದ, ಆ ಕಡತ ತೆರೆದಳು.

ಮೊದಲ ಸಾಲಿನಲ್ಲಿ ‘ಹೋಸ್ಟ್ ನಾಟ್ ಫೌಂಡ್’ ಎಂದಿತ್ತು. ಪಿಂಗ್‌ಗೆ ಸಿಗುವ ಉಗ್ರಾಣ ಪೋಸ್ಟ್‌ಫಿಕ್ಸ್‌ಗೆ ಯಾಕೆ ಸಿಗಲಿಲ್ಲ? ಪಿಂಗ್ ಹೆಸರು ಹುಡುಕುವಾಗ ಅದೇ ಕಂಪ್ಯೂಟರಿನ ಹೋಸ್ಟ್ಸ್ ಎಂಬ ಚಿಕ್ಕ ಕಡತವನ್ನೂ ನೋಡುತ್ತದೆ. ಅದರಲ್ಲಿ ಉಗ್ರಾಣದ ಹೆಸರೂ ಸಂಖ್ಯೆಯೂ ಇದ್ದವು. ಪೋಸ್ಟ್‌ಫಿಕ್ಸ್ ಹೇಳದ ಹೊರತು ಆ ಕಡತದ ಕಡೆ ಕಣ್ಣೆತ್ತುವುದಿಲ್ಲ. ಅದು ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬಳಿ ಹೋಗಿ, ಈ ಹೆಸರಿನ ಟಪ್ಪಾಲು ತೆಗೆದುಕೊಳ್ಳುವ ಯಂತ್ರ ಯಾವುದು ಎಂದು ಎಂಎಕ್ಸ್ ದಾಖಲೆ ಕೇಳುತ್ತದೆ. 1986ರಿಂದ ಇದೇ ಕ್ರಮ. ಕಚೇರಿಗೆ ಸ್ವಂತ ಡಿಎನ್‌ಎಸ್ ಇರಲಿಲ್ಲ. ಹಾಗಾಗಿ ಗೋಡೆಯಾಚೆಯ ಉಗ್ರಾಣ ಎಲ್ಲಿದೆ ಎಂಬ ಪ್ರಶ್ನೆ ಊರಾಚೆಯ ಇಂಟರ್ನೆಟ್ ಕಂಪನಿಯ ಸರ್ವರಿಗೆ ಹೋಯಿತು. ಅಂಥದ್ದೊಂದು ಉಗ್ರಾಣ ಈ ಜಗತ್ತಿನಲ್ಲೇ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಉಗ್ರಾಣಕ್ಕೆ ಹೋಗಿ ಪೆನ್ಸಿಲ್ ಕೇಳಿದವರಿಗೆ ಇದು ಮೊದಲೇ ಗೊತ್ತಿತ್ತು.

ಯಂತ್ರ ಅಷ್ಟಕ್ಕೇ ಸುಮ್ಮನಾಗಿರಲಿಲ್ಲ. ಪತ್ರ ತಲುಪಿಸಲಾಗಲಿಲ್ಲ, ಕಾರಣ ಇಂಥದ್ದು, ನಿಮ್ಮ ಮೂಲ ಪತ್ರ ಲಗತ್ತಿಸಿದೆ ಎಂದು ಲೆಕ್ಕಪತ್ರದವರಿಗೆ ಆ ಕ್ಷಣವೇ ಬರೆದು ತಿಳಿಸಿತ್ತು. ‘ಮೇಲರ್ ಡೀಮನ್’ ಎಂಬ ಹೆಸರು ನೋಡಿ ವೈರಸ್ ಇರಬೇಕೆಂದು ಅವರು ತೆರೆಯದೆ ಅಳಿಸಿದ್ದರು. ಸೈಬರ್ ಸುರಕ್ಷತೆಯ ತರಬೇತಿ ಯಶಸ್ವಿಯಾಗಿದ್ದಕ್ಕೆ ಇದೇ ಸಾಕ್ಷಿ.

ಹೋಸ್ಟ್ ಸಿಗದ ಸಮಸ್ಯೆಗೆ, ಪತ್ರ ಯಾವ ದಾರಿಯಲ್ಲಿ ಹೋಗಬೇಕೆಂದು ಪೋಸ್ಟ್‌ಫಿಕ್ಸ್‌ಗೆ ಹೇಳುವ ಟ್ರಾನ್ಸ್‌ಪೋರ್ಟ್ ಕಡತದಲ್ಲಿ ಉಗ್ರಾಣದ ಸಂಖ್ಯೆಯನ್ನು ಚೌಕ ಆವರಣದೊಳಗೆ ಬರೆದರೆ ಆಯಿತು. ಯಾರನ್ನೂ ವಿಚಾರಿಸಬೇಡ, ನೆಟ್ಟಗೆ ಇಲ್ಲಿಗೇ ಹೋಗು ಎಂದು ಅದರರ್ಥ. ಹುಡುಗಿ ಬರೆದಳು. ಲಾಗ್ ಹೊಸ ಸಾಲು ಬರೆಯಿತು: ‘ಕನೆಕ್ಷನ್ ಟೈಮ್ಡ್ ಔಟ್.’ ನೊಣ ಬಿಡದ ಫೈರ್‌ವಾಲಿನ ಕೆಲಸ ಅದು. ಬಂದವರಿಗೆ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ, ಬಂದದ್ದೇ ಗೊತ್ತಿಲ್ಲದ ಹಾಗೆ ಇದ್ದುಬಿಡುತ್ತದೆ. ಬಾಗಿಲು ತಟ್ಟಿದವರು ಬೇಸತ್ತು ತಾವೇ ಹೊರಟುಹೋಗಬೇಕು.

25ನೇ ಪೋರ್ಟ್ ತೆರೆಯಿರಿ ಎಂದು ಹುಡುಗಿ ನಮೂನೆ ತುಂಬಿದಳು. ‘ಯಾಕೆ ಬೇಕು?’ ಮೇಲ್‌ಗೆ. ‘25 ಸೆನ್ಸಿಟಿವ್ ಪೋರ್ಟ್ ಅಲ್ವಾ, ಬೇರೆ ಯಾವುದಾದರೂ ಆಗಲ್ವಾ?’ 1982ರಲ್ಲಿ ಜಾನ್ ಪೋಸ್ಟೆಲ್ ಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮಾವಳಿ ಬರೆದಾಗಿನಿಂದ ಜಗತ್ತಿನ ಮೇಲ್ ಸರ್ವರುಗಳು ಪರಸ್ಪರ ತಟ್ಟುತ್ತಿರುವುದು ಅದೇ ಬಾಗಿಲನ್ನು ಎಂದು ಅವಳು ಹೇಳಿದಳು. ‘ಹಾಗಾದರೆ ತುಂಬ ಹಳೇದಾಯ್ತು, ಆಡಿಟ್‌ನಲ್ಲಿ ಬರುತ್ತೆ’ ಎಂದು ಕಡತವನ್ನು ಮೇಲಕ್ಕೆ ಕಳಿಸಿದರು.

ಕಡತ ಮೇಲಿರುವಾಗ ಪೋಸ್ಟ್‌ಫಿಕ್ಸ್ ಏನು ಮಾಡುತ್ತಿತ್ತು? ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಹೋಗಿಬರುತ್ತಿತ್ತು. ಮೊದಲಿಗೆ 300 ಸೆಕೆಂಡು ಬಿಟ್ಟು, ಆಮೇಲೆ ಅಂತರ ಹೆಚ್ಚಿಸುತ್ತ 4000 ಸೆಕೆಂಡಿನವರೆಗೆ. ರಾತ್ರಿ ಇಲ್ಲ, ಎರಡನೇ ಶನಿವಾರ ಇಲ್ಲ. ಬೇರೆ ಆದೇಶವಿಲ್ಲದಿದ್ದರೆ 5 ದಿನ ಹೀಗೆ ತಿರುಗಿ, ಆಗಲಿಲ್ಲ ಎಂದು ಕಾರಣಸಹಿತ ಹಿಂದಿರುಗಿಸುತ್ತದೆ. ಐದು ದಿನ ಕಳೆಯಿತು, ಹಿಂದಿರುಗಿಸಿತು. ಪೋರ್ಟಿನ ಕಡತ ಆಗಿನ್ನೂ ಆವಕ ವಿಭಾಗದಲ್ಲಿ ಸಂಖ್ಯೆ ಬೀಳುವುದನ್ನು ಕಾಯುತ್ತಿತ್ತು.

ಕೊನೆಗೂ ಪೋರ್ಟ್ ತೆರೆದರು. ಈಗ ಲಾಗ್‌ನಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’. ಇದು ಪ್ರಗತಿ. ಆ ಕಡೆಯ ಯಂತ್ರ ಬದುಕಿದೆ, ದಾರಿ ಸರಿಯಿದೆ, ಆದರೆ ಆ ಬಾಗಿಲಲ್ಲಿ ಯಾರೂ ಕೂತಿಲ್ಲ ಎಂದು ಅದರರ್ಥ. ಪೋಸ್ಟ್‌ಫಿಕ್ಸ್ ಓಡುತ್ತಿದೆ ಎಂಬ ಹಸಿರು ಅಕ್ಷರವೂ ಸುಳ್ಳಲ್ಲ. ಅದು ಓಡುತ್ತಿತ್ತು, 127.0.0.1ರಲ್ಲಿ. ಅದು ಪ್ರತಿ ಕಂಪ್ಯೂಟರೂ ತನಗೆ ತಾನೇ ಇಟ್ಟುಕೊಂಡ ವಿಳಾಸ. ರೆಡ್ ಹ್ಯಾಟ್ ಬಳಗದ ಲಿನಕ್ಸುಗಳಲ್ಲಿ ಪೋಸ್ಟ್‌ಫಿಕ್ಸ್ ಹಾಕಿದರೆ ಮೊದಲಿಗೆ ಅದು ತನ್ನ ಮಾತನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಬೇಕೆಂದೇ ಇಟ್ಟ ಎಚ್ಚರಿಕೆ ಅದು. ಹೊರಗಿನವರ ಮಾತಿಗೆ ಕಿವಿಗೊಡು ಎಂದು ಯಜಮಾನ ಬರೆದುಕೊಡುವವರೆಗೆ ಅದು ಕಿವಿಗೊಡುವುದಿಲ್ಲ. ತಾನೇ ಮಾತಾಡಿ, ತಾನೇ ಕೇಳಿಸಿಕೊಂಡು, ತಾನೇ ತಲೆದೂಗುವ ಈ ಸ್ಥಿತಿಯನ್ನು ದೋಷವೆಂದು ಆ ಕಚೇರಿಯಲ್ಲಿ ಯಾರೂ ಗುರುತಿಸದಿದ್ದದ್ದು ಸಹಜ. ತಿಂಗಳ ಪ್ರಗತಿ ಪರಿಶೀಲನಾ ಸಭೆಗೆ ಹೋಗಿಬಂದವರು ಅವರು.

ಇನೆಟ್ ಇಂಟರ್ಫೇಸಸ್ ಎಂಬ ಸಾಲನ್ನು ತಿದ್ದಿದರೆ ಕಿವಿ ತೆರೆಯುತ್ತದೆ. ಅದಕ್ಕೆ ಬರೀ ರೀಲೋಡ್ ಸಾಲದು, ಪೋಸ್ಟ್‌ಫಿಕ್ಸನ್ನು ಪೂರ್ತಿ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಇಷ್ಟು ದಿನ ಎಲ್ಲದಕ್ಕೂ ರೀಸ್ಟಾರ್ಟ್ ಹೇಳುತ್ತಿದ್ದ ವೆಂಡರ್ ಹುಡುಗ, ರೀಸ್ಟಾರ್ಟ್ ನಿಜಕ್ಕೂ ಬೇಕಾದ ದಿನ ರಜೆಯಲ್ಲಿದ್ದ.

ಈಗ ಹುಡುಗಿ ಟೆಲ್ನೆಟ್ ಹಿಡಿದು ತಾನೇ ಉಗ್ರಾಣದ 25ನೇ ಬಾಗಿಲಿಗೆ ಹೋಗಿ ನಿಂತಳು. ಎಸ್‌ಎಂಟಿಪಿಯ ಚೆಂದ ಅದು. ಯಂತ್ರಗಳು ಆಡುವ ಮಾತನ್ನು ಮನುಷ್ಯರೂ ಟೈಪ್ ಮಾಡಿ ಆಡಬಹುದು. ಉಗ್ರಾಣ ಮೊದಲು ಮಾತಾಡಿತು: 220, ನಾನು ಇಂಥವನು, ಸಿದ್ಧನಿದ್ದೇನೆ. ಇವಳು: ಹೆಲೋ, ನಾನು ಲೆಕ್ಕಪತ್ರ. ಅದು: 250. ಇವಳು: ಮೇಲ್ ಫ್ರಂ, ಲೆಕ್ಕಪತ್ರದ ಗುಮಾಸ್ತರು. ಅದು: 250, ಸರಿ. ಇವಳು: ಆರ್‌ಸಿಪಿಟಿ ಟು, ಉಗ್ರಾಣಪಾಲಕರು. ಅದು: 554, ರಿಲೇ ಆಕ್ಸೆಸ್ ಡಿನೈಡ್.

ಉಗ್ರಾಣದ ಯಂತ್ರಕ್ಕೆ ತನ್ನ ಹೆಸರು ಉಗ್ರಾಣ ಎಂಬುದೇ ಗೊತ್ತಿರಲಿಲ್ಲ. ಯಾವ ಯಾವ ಹೆಸರಿಗೆ ಬಂದ ಪತ್ರ ನಿನ್ನದು ಎಂದು ಹೇಳುವ ಮೈಡೆಸ್ಟಿನೇಶನ್ ಪಟ್ಟಿಯಲ್ಲಿ ಅದರ ಪೂರ್ತಿ ಹೆಸರನ್ನು ಯಾರೂ ಬರೆದಿರಲಿಲ್ಲ. ಹಾಗಾಗಿ ಅದು, ಈ ಪತ್ರ ಬೇರೆ ಯಾರದೋ, ಅದನ್ನು ಮುಂದೆ ಸಾಗಿಸಲು ನೀನು ನನ್ನ ನಂಬಿಕೆಯ ಪಟ್ಟಿಯಲ್ಲಿಲ್ಲ ಎಂದು ನಿರಾಕರಿಸಿತು. ನಿರಾಕರಣೆ ಸರಿಯಾದದ್ದೇ. ಯಾರ ಪತ್ರವನ್ನಾದರೂ ಯಾರಿಗಾದರೂ ಸಾಗಿಸಿಕೊಡುವ ಔದಾರ್ಯ ಒಂದು ಕಾಲದಲ್ಲಿ ಮೇಲ್ ಸರ್ವರುಗಳಿಗೆ ಇತ್ತು; ಸ್ಪ್ಯಾಂ ಕಳಿಸುವವರು 1990ರ ದಶಕದಲ್ಲಿ ಅದನ್ನು ಕಂಡುಕೊಂಡ ಮೇಲೆ ಔದಾರ್ಯ ಮುಗಿಯಿತು. ಗಮನಿಸಬೇಕಾದ್ದು ಏನೆಂದರೆ ಯಂತ್ರ ನಾಲ್ಕು ಮಾತಿನೊಳಗೆ ಆಗುವುದಿಲ್ಲ ಎಂದಿತು, ಯಾಕೆ ಆಗುವುದಿಲ್ಲ ಎಂದೂ ಹೇಳಿತು. ಚಹಾಕ್ಕೆ ಹೋಗಿದ್ದಾರೆ, ಆಮೇಲೆ ಬನ್ನಿ ಅನ್ನಲಿಲ್ಲ.

ರಜೆ ಮುಗಿಸಿ ಬಂದ ವೆಂಡರ್ ಹುಡುಗ ಇದನ್ನು ತನ್ನ ರೀತಿಯಲ್ಲಿ ಬಗೆಹರಿಸಿದ. ಹುಡುಗಿ ಈ ಕಡೆ ತಿದ್ದಿದ್ದ ಟ್ರಾನ್ಸ್‌ಪೋರ್ಟ್ ಕಡತವನ್ನು ಹಾಗೇ ಕಾಪಿ ಮಾಡಿ ಆ ಕಡೆಗೂ ಹಾಕಿದ. ಲೆಕ್ಕಪತ್ರದ ಯಂತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿದ. ಈಗ ಉಗ್ರಾಣ ಪತ್ರವನ್ನು ತೆಗೆದುಕೊಂಡಿತು. ಇದನ್ನು ಉಗ್ರಾಣಕ್ಕೆ ಮುಟ್ಟಿಸಬೇಕು ಎಂದು ಓದಿಕೊಂಡು ಹೊರಟಿತು. ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ತನ್ನದೇ ಹೆಸರು ಹೇಳಿ ಸ್ವಾಗತಿಸುವ ದನಿ. ‘ಮೇಲ್ ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್’ ಎಂದು ಲಾಗ್‌ನಲ್ಲಿ ಬರೆದು ಪತ್ರವನ್ನು ಅಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿತು.

ಪತ್ರ ತನ್ನ ಹತ್ತಿರಕ್ಕೇ ತಿರುಗಿ ಬರುತ್ತಿದೆ ಎಂದು ಒಂದೇ ಸುತ್ತಿನಲ್ಲಿ ಕಂಡುಹಿಡಿಯುವ ಈ ವಿದ್ಯೆ ಸಾಮಾನ್ಯದ್ದಲ್ಲ. ಒಂದು ವೇಳೆ ಕಂಡುಹಿಡಿಯದೆ ಹೋದರೂ ಇನ್ನೊಂದು ಅಡ್ಡಗಟ್ಟೆ ಇದೆ. ಪತ್ರ ಹಾದುಹೋದ ಪ್ರತಿ ಸರ್ವರೂ ಅದರ ನೆತ್ತಿಗೆ ‘ರಿಸೀವ್ಡ್’ ಎಂದು ಒಂದು ಮುದ್ರೆ ಒತ್ತುತ್ತದೆ. ಮುದ್ರೆಗಳು 50 ದಾಟಿದರೆ, ಈ ಪತ್ರ ಎಲ್ಲೂ ಹೋಗುತ್ತಿಲ್ಲ, ಸುಮ್ಮನೆ ಸುತ್ತುತ್ತಿದೆ ಎಂದು ಪೋಸ್ಟ್‌ಫಿಕ್ಸ್ ತೀರ್ಮಾನಿಸುತ್ತದೆ. ಐವತ್ತು ಮುದ್ರೆ ಬಿದ್ದ ಕಾಗದವನ್ನು ನಮ್ಮಲ್ಲಿ ‘ಪರಿಶೀಲನೆಯ ಅಂತಿಮ ಹಂತದಲ್ಲಿದೆ’ ಎನ್ನುತ್ತಾರೆ.

ವೆಂಡರ್ ಹುಡುಗ ಕಾಪಿ ಮಾಡಿದ ಕಡತವನ್ನು ಹುಡುಗಿ ತೆಗೆದು, ಮೈಡೆಸ್ಟಿನೇಶನ್ ಪಟ್ಟಿಗೆ ಉಗ್ರಾಣದ ಹೆಸರು ಸೇರಿಸಿದಳು. ಎಸ್‌ಎಂಟಿಪಿ ಈಗ 250 ಅಂದಿತು, ಪತ್ರ ಪೆಟ್ಟಿಗೆಗೆ ಬಿದ್ದಿತು. ಆದರೂ ಉಗ್ರಾಣಪಾಲಕರು ಬಂದಿಲ್ಲ ಎಂದರು. ಪೋಸ್ಟ್‌ಫಿಕ್ಸ್ ಪತ್ರಗಳನ್ನು ಒಂದು ಜಾಗದಲ್ಲಿ ಇಡುತ್ತಿತ್ತು, ಅವರ ಮೇಲ್ ಪ್ರೋಗ್ರಾಂಗೆ ಪತ್ರ ತಂದುಕೊಡುವ ಡವ್‌ಕಾಟ್ ಇನ್ನೊಂದು ಜಾಗದಲ್ಲಿ ಹುಡುಕುತ್ತಿತ್ತು. ಅದನ್ನೂ ಒಂದು ಸಾಲಿನಲ್ಲಿ ಸರಿಮಾಡಿದ್ದಾಯಿತು. ಗೋಂದಿನ ವಿಷಯ ಕಡೆಗೂ ಗೋಡೆ ದಾಟಿತು.

ಚರಿತ್ರೆಯ ತಮಾಷೆ ನೋಡಿ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಇಮೇಲ್ ಹೋಗಲು ಶುರುವಾದದ್ದೇ ಇಂಥ ಅಕ್ಕಪಕ್ಕದ ಯಂತ್ರಗಳ ಮಧ್ಯೆ. 1971ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್‌ಸನ್ ಒಂದೇ ಕೋಣೆಯಲ್ಲಿದ್ದ ಎರಡು ಪಿಡಿಪಿ-10 ಯಂತ್ರಗಳ ಮಧ್ಯೆ, ಅರ್ಪಾನೆಟ್ ಮೂಲಕ, ಪರೀಕ್ಷೆಗೆಂದು ಸಂದೇಶ ಕಳಿಸಿದರು. ವಿಳಾಸದ ನಡುವೆ ಈಗ ನಾವೆಲ್ಲ ಬಳಸುವ ಆ ಸುರುಳಿ ಚಿಹ್ನೆಯನ್ನು ಆರಿಸಿದವರೂ ಅವರೇ. ಮೊದಲ ಸಂದೇಶದಲ್ಲಿ ಏನು ಬರೆದಿದ್ದೆನೆಂದು ಆಮೇಲೆ ಅವರಿಗೇ ನೆನಪಿರಲಿಲ್ಲ. ಇದನ್ನು ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೆಂಡರ್ ಇಲ್ಲ, ಎಎಂಸಿ ಇಲ್ಲ, ಸಮನ್ವಯ ಸಮಿತಿ ಇಲ್ಲ. ಬಹುಶಃ ಅದಕ್ಕೇ ಹೋಯಿತು.

ಪೋಸ್ಟ್‌ಫಿಕ್ಸ್‌ನ ಒಳಗೂ ಇಲಾಖೆಗಳಿವೆ. ಐಬಿಎಂ ಸಂಶೋಧನಾಲಯದಲ್ಲಿದ್ದಾಗ ವೀಟ್ಸೆ ವೆನೆಮಾ ಬರೆದು, 1998ರಲ್ಲಿ ಹೊರಬಂದ ತಂತ್ರಾಂಶ ಅದು. ಬಾಗಿಲಲ್ಲಿ ಪತ್ರ ಪಡೆಯುವ ಪ್ರೋಗ್ರಾಂ ಬೇರೆ, ಬಿಟ್ಟುಹೋದ ವಿವರ ತುಂಬುವುದು ಬೇರೆ, ಸರತಿ ನೋಡುವುದು ಬೇರೆ, ಹೊರಗೆ ಒಯ್ಯುವುದು ಬೇರೆ, ಪೆಟ್ಟಿಗೆಗೆ ಹಾಕುವುದು ಬೇರೆ, ಆಗಲಿಲ್ಲವೆಂದು ಬರೆದು ತಿಳಿಸುವುದು ಬೇರೆ. ಸುರಕ್ಷತೆಗೆಂದು ಒಂದು ಇನ್ನೊಂದನ್ನು ಪೂರ್ತಿ ನಂಬದ ಹಾಗೆ ಕಟ್ಟಲಾಗಿದೆ. ಇಲ್ಲಿಯವರೆಗೆ ನಮ್ಮ ಕಚೇರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು 250ರಲ್ಲಿ. ಪತ್ರದ ಕೊನೆಯ ಚುಕ್ಕಿ ಬಂದ ಮೇಲೆ ಸರ್ವರ್ 250 ಎಂದರೆ, ಈಗಿನ ನಿಯಮಾವಳಿಯಾದ 2008ರ ಆರ್‌ಎಫ್‌ಸಿ 5321ರ ಪ್ರಕಾರ ಅದು ಹೊಣೆ ಹೊತ್ತುಕೊಂಡಂತೆ. ಒಂದೋ ತಲುಪಿಸಬೇಕು, ಇಲ್ಲವೇ ತಲುಪಿಸಲಾಗಲಿಲ್ಲ ಎಂದು ಕಳಿಸಿದವರಿಗೆ ತಿಳಿಸಬೇಕು. ನಡುವೆ ಯಂತ್ರ ಕೆಟ್ಟು ನಿಂತಿತು ಎಂಬ ನೆಪ ಹೇಳಿ ಪತ್ರ ಕಳೆಯುವಂತಿಲ್ಲ.

ಲಾಗ್ ಓದಿದ ಹುಡುಗಿಗೆ, ತನ್ನ ಕಾರ್ಯವ್ಯಾಪ್ತಿಗೆ ಸೇರದ ಕಡತ ತೆರೆದದ್ದೇಕೆ ಎಂದು ವಿವರಣೆ ಕೇಳಿ ಮೆಮೊ ಬಂತು. ಮೆಮೊ ಬಂದದ್ದು ಇಮೇಲಿನಲ್ಲಿ, ಅವಳು ಸರಿಮಾಡಿದ ದಾರಿಯಲ್ಲೇ. ವೆಂಡರ್ ಕಡೆಯವರು ‘ರೂಟ್ ಕಾಸ್ ಅನಾಲಿಸಿಸ್’ ಎಂದು ಪ್ರತ್ಯೇಕ ಬಿಲ್ ಹಾಕಿದರು, ಅದು ಮಂಜೂರಾಯಿತು.

ಸಾರ್ವಜನಿಕರ ಅರ್ಜಿಗಳಿಗೆ ಕರ್ನಾಟಕದಲ್ಲಿ 2011ರಲ್ಲೇ ಸಕಾಲದ ಕಾಯ್ದೆ ಬಂತು. ಪಕ್ಕದ ಕೋಣೆಯ ಪತ್ರಕ್ಕೆ ಮಾತ್ರ ಯಾವ ಕಾಲವೂ ನಿಗದಿಯಾಗಿಲ್ಲ. ಅದಕ್ಕೆ ಆ ಕಚೇರಿಯ ಹಿರಿಯರ ಮುಂದೆ ಒಂದು ಸಲಹೆ ಇಟ್ಟೆ. ಇನ್ನು ಮೇಲೆ ಒಳಗಿನ ಯಾವ ಪತ್ರಕ್ಕೂ ಎಸ್‌ಎಂಟಿಪಿಯ ಹಾಗೆ ಮೂರಂಕಿಯಲ್ಲೇ ಉತ್ತರ ಕೊಡಿ. 2ರಿಂದ ಶುರುವಾದರೆ ಒಪ್ಪಿದೆ, ಹೊಣೆ ನನ್ನದು. 5ರಿಂದ ಶುರುವಾದರೆ ಆಗುವುದಿಲ್ಲ, ಕಾರಣ ಇಂಥದ್ದು. 4ರಿಂದ ಶುರುವಾದರೆ ಈಗ ಆಗದು, ಮತ್ತೆ ಬನ್ನಿ; ಆದರೆ ಐದು ದಿನದೊಳಗೆ ಒಂದು ತೀರ್ಮಾನ.

ಅವರು ಆಸಕ್ತಿಯಿಂದ ಕೇಳಿಸಿಕೊಂಡರು. 2ನೇ ಸರಣಿ ಬೇಡವೆಂದರು, ಅದರಲ್ಲಿ ಹೊಣೆ ಬರುತ್ತದೆ. 5ನೇ ಸರಣಿಯೂ ಬೇಡ, ಕಾರಣ ಬರೆದುಕೊಟ್ಟರೆ ನಾಳೆ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳುತ್ತಾರೆ. 4ನೇ ಸರಣಿ ಮಾತ್ರ ಬಹಳ ಹಿಡಿಸಿತು. ಐದು ದಿನದ ಷರತ್ತೊಂದನ್ನು ಕೈಬಿಟ್ಟರೆ ನಾಳೆಯಿಂದಲೇ ಜಾರಿ ಮಾಡಬಹುದು ಎಂದರು.

‘ಅದು ಈಗಾಗಲೇ ಜಾರಿಯಲ್ಲಿದೆಯಲ್ಲ ಸಾರ್’ ಎಂದೆ.

‘ಇದೆ. ಆದರೆ ಅದಕ್ಕೊಂದು ನಂಬರ್ ಇರಲಿಲ್ಲ’ ಎಂದರು.